ಎರಡನೆಯ ಬ್ರೇಕು

ವೃತ್ತದ ಬಳಿ ಬಂದಾಗ ಅವನ ಬಲಗಾಲು ತಾನಾಗಿಯೇ ಮುಂದೆ ಸರಿದು ಎರಡನೆಯ ಬ್ರೇಕಿನ ಮೇಲೆ ಕೂತಿತು. ಒತ್ತುವ ಅಗತ್ಯವೇನೂ ಇರಲಿಲ್ಲ. ಸ್ಟೀರಿಂಗ್ ಹಿಡಿದಿದ್ದ ಹಲ್ಲಿನ ಡಾಕ್ಟರಮ್ಮ ಆಗಲೇ ವೇಗ ತಗ್ಗಿಸಿದ್ದರು, ಎದುರಿನ ಬಸ್ಸು ಇನ್ನೂ ದೂರವಿತ್ತು. ಆದರೂ ಒತ್ತಿದ. ಕಾರು ಒಮ್ಮೆ ಬಿಕ್ಕಳಿಸಿ ನಿಂತಿತು. ದಿನವಿಡೀ ಬೇರೆಯವರ ಬಾಯಿಗೆ ಯಂತ್ರ ಹಾಕಿ ಕೊರೆಯುವ ಆ ಗಟ್ಟಿಗಿತ್ತಿ ಈ ಸೀಟಿನಲ್ಲಿ ಕೂತರೆ ಸಾಕು, ಬೆವರಿ ನೀರಾಗುತ್ತಿದ್ದರು. "ನಾನೇ ನಿಲ್ಲಿಸಿದ್ನಾ ಸರ್, ಇಲ್ಲಾ ನೀವಾ?" ಎಂದು ಕೇಳಿದರು. "ನೀವೇ" ಅಂದ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಅದನ್ನು ಒತ್ತುವುದು, ಒತ್ತಿಲ್ಲವೆಂದು ಹೇಳುವುದು, ಎರಡೂ ಅವನ ಉದ್ಯೋಗದ ಭಾಗ. ಈ ಸುಳ್ಳನ್ನು ಎಷ್ಟು ಜನರಿಗೆ ಹೇಳಿದ್ದನೋ ಲೆಕ್ಕವಿಲ್ಲ, ಹೇಳುವಾಗ ಎಂದೂ ನಾಲಗೆ ತಡವರಿಸಿದ್ದಿಲ್ಲ. ಇವತ್ತು ಮಾತ್ರ ಹೇಳಿದ ಮೇಲೆ ಒಂಥರಾ ಕಸಿವಿಸಿಯಾಗಿ ಕಿಟಕಿಯ ಆಚೆ ನೋಡುತ್ತ ಕೂತ.

ಬೆಳಿಗ್ಗೆ ಬಂದ ಫೋನೇ ಕಾರಣ. ಹಳೆಯ ಕಾರುಗಳಿಗೆ ಮರುಜೀವ ಕೊಡುವ ವರ್ಕ್‌ಶಾಪಿನ ಹುಡುಗಿ ಮಾತಾಡಿದ್ದಳು. ಅವನು ಒಂದು ಕಾಲಕ್ಕೆ ರೇಸಿನಲ್ಲಿ ಓಡಿಸಿದ ಬಿಳಿ ಕಾರನ್ನು ಯಾರೋ ಶ್ರೀಮಂತರು ಹುಡುಕಿ ತಂದಿದ್ದಾರೆ, ಪ್ರದರ್ಶನಕ್ಕೆ ಇಡುತ್ತಾರೆ, ಎಲ್ಲ ಅಂದಿನ ಹಾಗೇ ಇರಬೇಕು, ಒಂದೇ ಒಂದು ಗೊಂದಲ ಉಳಿದಿದೆ ಎಂದಳು. "ಡ್ರೈವರ್ ಕಡೆ ಬಾಗಿಲು ಉಜ್ಜಿದ್ವಿ ಸರ್. ಬಿಳಿ ಬಣ್ಣದ ಕೆಳಗೆ ಹಸಿರು ಬಂತು. ಬೇರೆ ಯಾವುದೋ ಕಾರಿಂದು ಅನ್ಸುತ್ತೆ. ತೆಗೆದು ಬಿಸಾಕಿ ಸರಿಯಾದ್ದು ಹಾಕ್ಬಿಡೋಣ ಅಂತ. ನೀವೊಂದ್ಸಲ ಬಂದು ನೋಡಿ ಹೂಂ ಅಂದ್ಬಿಟ್ರೆ ಸಾಕು." ಹಸಿರು ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಕೈಯ ಚಹಾ ತಣ್ಣಗಾಯಿತು ಅನ್ನಿಸಿತು. ಫೋನಿಟ್ಟು ತಿರುಗಿದರೆ ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಯಾರು, ಏನು ಎಂದು ಅವಳು ಕೇಳಲಿಲ್ಲ. "ನಾನೂ ಬರ್ತೀನಿ" ಅಂದಳು. ಇಷ್ಟು ವರ್ಷಗಳಲ್ಲಿ ರೇಸಿಗೆ ಸಂಬಂಧಪಟ್ಟ ಯಾವುದಕ್ಕೂ ಅವಳು ತಾನಾಗಿ ಬರುತ್ತೇನೆಂದವಳಲ್ಲ.

ಹಸಿರು ಬಣ್ಣವನ್ನು ಆರಿಸಿದವಳು ಅವಳೇ, ತನ್ನ ಓಡಾಟದ ಕಾರಿಗೆ. ಆಗವಳು ಮನೆಮನೆಗೆ ಹೋಗಿ ಬಾಣಂತಿಯರನ್ನೂ ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುವ ನರ್ಸು. ಬಸ್ಸು ಹೋಗದ ಓಣಿಗಳಿಗೂ ಹೋಗಬೇಕು, ಹೊತ್ತಲ್ಲದ ಹೊತ್ತಿಗೆ ಏಳಬೇಕು. ಎರಡೇ ಬಾಗಿಲಿನ ಆ ಪುಟ್ಟ ಕಾರಿನ ಹಿಂಭಾಗದಲ್ಲಿ ಮಗು ಮಲಗುವಷ್ಟು ಜಾಗವಿತ್ತು. ಅವನು ರೇಸಿನಲ್ಲಿ ಓಡಿಸುತ್ತಿದ್ದದ್ದೂ ಅದೇ ಕಂಪನಿಯ ಅದೇ ಕಾರು. ಒಂದರ ಮೇಲೆ ದೊಡ್ಡ ಅಂಕಿ ಬರೆದಿತ್ತು, ಇನ್ನೊಂದರ ಹಿಂದಿನ ಗಾಜಿಗೆ ಮಗಳು ಅಂಟಿಸಿದ ಚಿಟ್ಟೆ ಇತ್ತು, ವ್ಯತ್ಯಾಸ ಅಷ್ಟೇ ಎಂದು ಅವನು ಬಂದವರೆದುರು ಕೊಚ್ಚಿಕೊಳ್ಳುತ್ತಿದ್ದ. ನಿಜಕ್ಕೆ ಎಂಜಿನ್ನು ಬೇರೆ, ಸ್ಪ್ರಿಂಗು ಬೇರೆ, ಒಳಗೆ ಕಬ್ಬಿಣದ ಪಂಜರ ಬೇರೆ. ಆದರೆ ಮೈ ಅದೇ. ಒಂದು ಹಗಲು ಒಂದು ರಾತ್ರಿ ನಿಲ್ಲದೆ ನಡೆಯುವ ಆ ಓಟದಲ್ಲಿ ಹಲವು ವರ್ಗಗಳಿದ್ದವು. ಮೇಲಿನ ವರ್ಗದವು ರೇಸಿಗೆಂದೇ ಹುಟ್ಟಿದ ಗಾಡಿಗಳು, ಊರಿನ ರಸ್ತೆಯ ಮುಖವನ್ನೇ ಕಾಣದವು. ಇವರದು ಕೆಳಗಿನ ವರ್ಗ: ಅಂಗಡಿಯಲ್ಲಿ ಯಾರು ಬೇಕಾದರೂ ಕೊಂಡು ತರಕಾರಿಗೆ ಒಯ್ಯಬಹುದಾದ ಕಾರು ಮಾತ್ರ ಇಲ್ಲಿ ಓಡಬೇಕು, ಬಾಗಿಲು, ಗಾಜು, ಗಾಜು ಇಳಿಸುವ ಹಿಡಿಕೆ ಕೂಡ ಅಂಗಡಿಯಲ್ಲಿದ್ದ ಹಾಗೇ ಇರಬೇಕು. ದೊಡ್ಡ ಗಾಡಿಗಳು ಹಿಂದಿನಿಂದ ಬಂದು ದೀಪ ಮಿಟುಕಿಸಿದರೆ ದಾರಿ ಬಿಡಬೇಕು. ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಕನ್ನಡಿಯ ಮೇಲೆ. ಮದುವೆಮನೆಯಲ್ಲಿ ಬೀಗರಿಗೆ ಜಾಗ ಬಿಡುವ ಹೆಣ್ಣಿನ ಕಡೆಯವರು ನಾವು ಅಂತ ತಂಡದ ಮೆಕ್ಯಾನಿಕ್ಕು ಮೇಸ್ತ್ರಿ ನಗುತ್ತಿದ್ದ. ಆದರೆ ಬೇಲಿಯಾಚೆ ನಿಂತ ಜನ ಕೂಗುತ್ತಿದ್ದದ್ದು ಇವರಿಗೇ. ತಮ್ಮ ಮನೆಯೆದುರು ನಿಂತಿರುವ ಕಾರೇ ಇಲ್ಲಿ ಬೆಳಗಿನವರೆಗೂ ಓಡುತ್ತಿದೆ ಎಂಬುದು ಅವರಿಗೆಷ್ಟು ಹೆಮ್ಮೆ. ಆ ಕೂಗು ಈಗಲೂ ಕಿವಿಯಲ್ಲಿದೆ. ಈಗಿನ ರೇಸುಗಳನ್ನು ಟಿವಿಯಲ್ಲಿ ನೋಡುವಾಗ ಅವನು ದನಿಯನ್ನು ಪೂರ್ತಿ ತಗ್ಗಿಸಿಬಿಡುತ್ತಾನೆ, ಆ ಸದ್ದು ಈ ಕೂಗಿನ ಮೇಲೆ ಬೀಳದಿರಲಿ ಎಂದು.

ಡಾಕ್ಟರಮ್ಮನನ್ನು ಅವರ ಕ್ಲಿನಿಕ್ಕಿನೆದುರು ಇಳಿಸಿ ಮನೆಗೆ ಬಂದಾಗ ಹೆಂಡತಿ ಗೇಟಿನ ಬಳಿಯೇ ಕಾಯುತ್ತಿದ್ದಳು. ಸ್ವಲ್ಪ ಒಳ್ಳೆಯ ಬಟ್ಟೆ, ಹೆಗಲಿಗೆ ಚೀಲ. ಅವನು ಸ್ಟೀರಿಂಗಿನ ಕಡೆಗೆ ಬಂದು ಕೂತ, ಅವಳು ಪಕ್ಕದಲ್ಲಿ. ಕೂತವಳು ಎಂದಿನಂತೆ ಎರಡೂ ಪಾದಗಳನ್ನು ಸೀಟಿನ ಕಡೆಗೆ ಎಳೆದುಕೊಂಡು, ಎರಡನೆಯ ಬ್ರೇಕಿಗೆ ತಾಕದ ಹಾಗೆ ಓರೆಯಾಗಿ ಇಟ್ಟಳು. ಈ ಕಾರು ಬಂದ ದಿನದಿಂದ ಅವಳು ಹೀಗೇ ಕೂರುವುದು, ಬೇರೆಯವರ ಮನೆಯ ಒದ್ದೆ ನೆಲದ ಮೇಲೆ ಕಾಲಿಡುವವರ ಹಾಗೆ. ತಲೆಯ ಮೇಲೆ ‘ಕಲಿಯುವವರು’ ಎಂಬ ಬೋರ್ಡು ಹೊತ್ತ ಕಾರು ಬೀದಿ ದಾಟಿತು. ಪಕ್ಕದ ಸ್ಕೂಟರಿನವನು ಇಬ್ಬರ ನರೆಗೂದಲನ್ನೂ ಬೋರ್ಡನ್ನೂ ನೋಡಿ ನಕ್ಕ. ಇವನಿಗೆ ಚುರುಕ್ಕೆಂದಿತು. ಒಂದು ಕಾಲಕ್ಕೆ ಇಡೀ ರಾತ್ರಿ ಮಂಜಿನಲ್ಲಿ ಗೆರೆ ಹಿಡಿದು ಓಡಿಸಿದ ಕೈಗಳಿವು ಎಂದು ಕಿಟಕಿ ಇಳಿಸಿ ಹೇಳಲಾಗುತ್ತದೆಯೇ? ಹೇಳಿದರೂ ಅವನೇನು ಇಳಿದು ನಮಸ್ಕಾರ ಮಾಡುತ್ತಾನೆಯೇ?

"ಅದೇ ಬಾಗಿಲು ಅಂತ ನಿನಗೆ ಹೇಗೆ ಗೊತ್ತು?" ಎಂದು ಕೇಳಿದ.

"ನಾನೇನು ಅಂದೆ ಈಗ?" ಅಂದಳು ಅವಳು.

"ಬರ್ತೀನಿ ಅಂದ್ಯಲ್ಲ."

"ಹಸಿರು ಅಂತ ನೀವೇ ಫೋನಲ್ಲಿ ಎರಡು ಸಲ ಅಂದ್ರಿ. ಮುಖ ಸುಣ್ಣ ಆಗಿತ್ತು." ಅಷ್ಟು ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು.

ಆ ವರ್ಷದ ರೇಸಿನಲ್ಲಿ, ಬೆಳಿಗ್ಗೆ ಮಂಜು ಕರಗಿ ಬಿಸಿಲು ಹತ್ತಿತ್ತು. ರಾತ್ರಿಯೆಲ್ಲ ಅವನೂ ಲಂಬುವೂ ಸರದಿಯ ಮೇಲೆ ಓಡಿಸಿದ್ದರು. ಲಂಬು ಅವನ ಜೊತೆಗಾರ, ಹೆಸರಿಗೆ ತಕ್ಕ ಹಾಗೆ ಉದ್ದ. ಒಂದೇ ಸೀಟು ಇಬ್ಬರಿಗೂ ಆಗಬೇಕಾದ್ದರಿಂದ ಸೀಟು ಲಂಬುವಿನ ಅಳತೆಗಿತ್ತು, ಗಿಡ್ಡನಾದ ಇವನು ತನ್ನ ಬೆನ್ನಿಗೊಂದು ದಿಂಬು ಹಿಡಿದುಕೊಂಡು ಹತ್ತಬೇಕು, ಇಳಿಯುವಾಗ ಅದನ್ನು ಎಳೆದುಕೊಂಡೇ ಇಳಿಯಬೇಕು. ಮರೆತರೆ ಲಂಬುವಿನ ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿ ಅವನ ಬೈಗುಳ ಎಂಜಿನ್ನಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಪಿಟ್ಟು, ಅಂದರೆ ಓಟದ ಮಧ್ಯೆ ಪೆಟ್ರೋಲಿಗೂ ಚಕ್ರಕ್ಕೂ ಡ್ರೈವರು ಬದಲಾಗುವುದಕ್ಕೂ ನಿಲ್ಲುವ ಜಾಗ, ಅಲ್ಲಿಗೆ ಬರುವಾಗಲೇ ಅವನು ಬೆಲ್ಟು ಸಡಿಲಿಸಿ, ದಿಂಬು ಜಗ್ಗಿ, ಬಾಗಿಲ ಚಿಲಕ ತೆಗೆದುಬಿಡುತ್ತಿದ್ದ. ಗಾಡಿ ನಿಲ್ಲುವಷ್ಟರಲ್ಲಿ ಬಾಗಿಲು ತೆರೆದಿರಬೇಕು. ಎರಡು ಉಸಿರಿನಷ್ಟು ಹೊತ್ತು ಉಳಿಯುತ್ತದೆ. "ಗಾಡಿ ನಿಲ್ಲಲಿ, ಆಮೇಲೆ ಬಾಗಿಲು. ನಿಂದು ಅವಸರದ ಹೆರಿಗೆ" ಎಂದು ಮೇಸ್ತ್ರಿ ಪ್ರತಿಸಲ ಬೈಯುತ್ತಿದ್ದ. ಆವತ್ತು ಚಿಲಕ ತೆಗೆದ ಬಾಗಿಲು ಪೂರ್ತಿ ಹಾರಿಕೊಂಡಿತು, ಅದೇ ಗಳಿಗೆಗೆ ಪಕ್ಕದಿಂದ ಹೊರಟ ದೊಡ್ಡ ವರ್ಗದ ಗಾಡಿಯೊಂದು ಅದನ್ನು ಕಿತ್ತುಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಬಾಗಿಲು ಮಾತ್ರ ಮಡಚಿದ ಚಾಪೆಯ ಹಾಗೆ ದೂರದಲ್ಲಿ ಬಿದ್ದಿತ್ತು. ದಿಂಬನ್ನು ಎದೆಗೆ ಅವುಚಿಕೊಂಡು ಅವನು ಅದನ್ನೇ ನೋಡುತ್ತ ನಿಂತ. ಪರಿಶೀಲನೆಯ ಅಧಿಕಾರಿ ಕೈಕಟ್ಟಿಕೊಂಡು ಬಂದು, "ಬಾಗಿಲಿಲ್ಲದ ಕಾರನ್ನ ಯಾವ ಅಂಗಡೀಲಿ ಮಾರ್ತಾರೆ, ತೋರಿಸಿ, ಬಿಡ್ತೀನಿ" ಅಂದರು. ಮೇಸ್ತ್ರಿ ಅವನ ಮುಖ ನೋಡಿದ, ಅವನು ಮೇಸ್ತ್ರಿಯ ಮುಖ ನೋಡಿದ. ಇಬ್ಬರ ತಲೆಯಲ್ಲೂ ಹೊಳೆದದ್ದು ಒಂದೇ, ಅವನು ಕರೆದನೆಂದು ಮಗಳೊಂದಿಗೆ ಬಂದ ಹೆಂಡತಿ ಹಿಂದಿನ ಬಯಲಿನಲ್ಲಿ ನಿಲ್ಲಿಸಿದ್ದ ಹಸಿರು ಕಾರು. ಅಂಗಡಿಯ ಕಾರು, ಅಂಗಡಿಯ ಬಾಗಿಲು. ಹೊಂದದೆ ಎಲ್ಲಿ ಹೋಗುತ್ತದೆ.

ಸ್ಪ್ಯಾನರು ಹಿಡಿದು ಅವನೇ ಓಡಿದ. ಅವಳು ಡ್ರೈವರ್ ಸೀಟಿನಲ್ಲಿ ಕೂತು ಮಗಳ ತಲೆ ಬಾಚುತ್ತಿದ್ದಳು. "ಸ್ವಲ್ಪ ಇಳಿ" ಅಂದ. "ಯಾಕ್ರೀ?" "ಬಾಗಿಲು ಬೇಕು." ಅವಳು ಇಳಿದಳು. ಮಗುವನ್ನು ಸೊಂಟಕ್ಕೇರಿಸಿ, ಇನ್ನೊಂದು ಕೈಯಲ್ಲಿ ಬಾಗಿಲ ಜೇಬಿನಿಂದ ತನ್ನ ಸಾಮಾನುಗಳನ್ನು ಒಂದೊಂದಾಗಿ ತೆಗೆದಳು: ಬಾಚಣಿಗೆ, ಥರ್ಮಾಮೀಟರಿನ ಡಬ್ಬಿ, ಹತ್ತಿಯ ಸುರುಳಿ, ಮಗಳ ಒಂಟಿ ಕಾಲ್ಚೀಲ. ಅವಳು ತೆಗೆದು ಮುಗಿಸುವವರೆಗೂ ಅವನು ಬೋಲ್ಟಿನ ಮೇಲೆ ಸ್ಪ್ಯಾನರಿಟ್ಟು ಚಡಪಡಿಸಿದ. ಅದು ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ, ಆ ಒಂಟಿ ಕಾಲ್ಚೀಲ. ಬಾಗಿಲು ಕೈಗೆ ಬಂದಾಗ ಅವಳು, "ಸಂಜೆ ನನಗೆ ಡ್ಯೂಟಿ ಇದೆ. ಮನೆಗೆ ಹೇಗೆ ಹೋಗ್ಲಿ?" ಎಂದು ಕೇಳಿದಳು. "ನೋಡೋಣ" ಅಂದ. ಅಂದು ಬೆನ್ನು ತಿರುಗಿಸಿ ಓಡಿದ. ಆಮೇಲೆ ನೋಡಲೇ ಇಲ್ಲ. ಬಿಳಿ ಕಾರಿಗೆ ಹಸಿರು ಬಾಗಿಲು ಹಾಕಿಕೊಂಡು ಲಂಬು ಹೊರಟ, ಮಧ್ಯಾಹ್ನ ಅವನು ಮತ್ತೆ ಹತ್ತಿದ, ತಮ್ಮ ವರ್ಗದಲ್ಲಿ ಮೂರನೆಯವರಾಗಿ ಗೆರೆ ದಾಟಿದರು. ಕೂಗಾಟ, ಅಪ್ಪುಗೆ, ಯಾರೋ ತಲೆಯ ಮೇಲೆ ಸುರಿದ ಸೋಡಾ. ಬಯಲಿಗೆ ಹೋಗಿ ನೋಡಿದಾಗ ಹಸಿರು ಕಾರು ನಿಂತಿದ್ದ ಜಾಗದಲ್ಲಿ ಹುಲ್ಲು ಮಾತ್ರ ಒರಗಿತ್ತು.

ವರ್ಕ್‌ಶಾಪು ಊರಿನ ಅಂಚಿನಲ್ಲಿತ್ತು. ಉದ್ದನೆಯ ತಗಡಿನ ಮಾಡು, ಒಳಗೆ ಥಿನ್ನರಿನ ಘಾಟು. ಆ ವಾಸನೆಗೆ ಅವನ ಎದೆ ಅಗಲವಾಯಿತು. ಹುಡುಗಿ ಕೈಗೆ ಅಂಟಿದ್ದ ಬಣ್ಣದ ಪುಡಿ ಒರೆಸಿಕೊಳ್ಳುತ್ತ ಬಂದಳು. ಮೂವತ್ತರ ಆಸುಪಾಸು, ಕಿವಿಯ ಹಿಂದೆ ಪೆನ್ಸಿಲು. "ಬನ್ನಿ ಸರ್, ಬನ್ನಿ ಆಂಟಿ, ಜೋಪಾನ, ಕಾಲ ಕೆಳಗೆ ವೈರಿದೆ." ಮಧ್ಯದಲ್ಲಿ ನಾಲ್ಕು ಕಂಬಗಳ ಮೇಲೆ ಕಾರು ನಿಂತಿತ್ತು. ಇಷ್ಟು ಚಿಕ್ಕದಿತ್ತೇ? ನೆನಪಿನಲ್ಲಿ ಅದರ ಬಾನೆಟ್ಟು ಒಂದು ಮೈದಾನದಷ್ಟಿತ್ತು. ಕಿಟಕಿಯಿಂದ ತಲೆ ಹಾಕಿದರೆ ಗೇರಿನ ಗುಂಡಿಯ ಮೇಲೆ ಅವನ ಉಂಗುರ ಕೊರೆದ ಗೀರು ಹಾಗೇ ಇತ್ತು. ಅವನಿಗೆ ಒಮ್ಮೆಗೇ ಲಂಬುವಿನ ಬೆವರಿನ ವಾಸನೆ, ಕಾದ ಗೇರ್ ಪೆಟ್ಟಿಗೆಯ ವಾಸನೆ, ಮೇಸ್ತ್ರಿ ಚೊಂಬಿನಲ್ಲಿ ತಂದು ಕುಡಿಸುತ್ತಿದ್ದ ಸಾರಿನ ವಾಸನೆ, ಮೂರೂ ಒಟ್ಟಿಗೆ ಬಂದವು. ಮೇಸ್ತ್ರಿ ಹೋಗಿ ಕಾಲವಾಯಿತು, ಲಂಬು ಕೂಡ. ಆಗೆಲ್ಲ ರೇಸು ಮುಗಿದರೆ ಇದೇ ಕಾರಿಗೆ ನಂಬರ್ ಪ್ಲೇಟು ಸಿಕ್ಕಿಸಿ, ಇದನ್ನೇ ಓಡಿಸಿಕೊಂಡು ಊರು ಸೇರುತ್ತಿದ್ದರು. ದಾರಿಯಲ್ಲಿ ಲಂಬು ತಲೆ ಹೊರಗೆ ಹಾಕಿ ಹಾಡುತ್ತಿದ್ದ. ಅವನಿಗೆ ಅಳು ಬಂದ ಹಾಗಾಯಿತು. ಕನ್ನಡಕ ತೆಗೆದು ಒರೆಸಿದ.

ಗೋಡೆಯ ಮೇಲೆ ಆ ಫೋಟೋ, ಆಳೆತ್ತರಕ್ಕೆ ದೊಡ್ಡದು ಮಾಡಿಸಿ ಹಚ್ಚಿದ್ದರು. ಗೆರೆ ದಾಟಿದ ಮೇಲೆ ತೆಗೆದದ್ದು. ಪಕ್ಕದ ಸೀಟಿನ ಕಡೆಯಿಂದ ಕಾಣುವ ಅಚ್ಚ ಬಿಳಿ ಕಾರು, ಅದಕ್ಕೆ ಒರಗಿ ದಿಂಬು ಹಿಡಿದು ಹಲ್ಲು ಕಿರಿಯುತ್ತಿರುವ ಅವನು, ಅವನ ತಲೆಯ ಮೇಲೆ ಮೊಣಕೈ ಊರಿದ ಲಂಬು. "ಇದೇ ನಮಗೆ ಆಧಾರ ಸರ್" ಅಂದಳು ಹುಡುಗಿ. "ಯಜಮಾನರಿಗೆ ಇದ್ರಲ್ಲಿರೋ ಹಾಗೇ ಬೇಕು. ಎಲ್ಲ ಬಿಳಿ. ಈ ಬಾಗಿಲು ಆಮೇಲೆ ಯಾರೋ ಗುಜರಿಯಿಂದ ತಂದು ಹಾಕಿರ್ಬೇಕು, ಅಲ್ವಾ?"

ಬಾಗಿಲನ್ನು ಎರಡು ಮರದ ಸ್ಟ್ಯಾಂಡುಗಳ ನಡುವೆ ನೆಟ್ಟಗೆ ನಿಲ್ಲಿಸಿದ್ದರು. ಉಜ್ಜಿದ ಕಡೆ ಬಿಳಿ ಸವೆದು, ಕೆಳಗಿನ ಹಸಿರು ಅಲ್ಲಲ್ಲಿ ಇಣುಕುತ್ತಿತ್ತು. ಹೂಂ ಅಂದರೆ ಮುಗಿಯಿತು. ಹೂಂ ಅನ್ನುವುದು ಎಷ್ಟು ಸುಲಭ. ಫೋಟೋದಲ್ಲಿರುವ ಹಾಗೆ ಅಚ್ಚ ಬಿಳಿ ಕಾರು ದೀಪಗಳ ಕೆಳಗೆ ನಿಲ್ಲುತ್ತದೆ, ಪಕ್ಕದಲ್ಲಿ ಅವನ ಹೆಸರು. ಅವಸರದ ಹೆರಿಗೆಯ ವಿಷಯ ಅಲ್ಲಿ ಯಾರಿಗೂ ಗೊತ್ತಾಗಬೇಕಿಲ್ಲ. ಆದರೆ ಅವನಿಗೆ ಬಾಗಿಲನ್ನು ನೋಡಿದರೆ ನೆನಪಾಗುತ್ತಿದ್ದದ್ದು ಅದರ ಬದಲಿಗೆ ಹೋದ ಬಾಗಿಲು. ಹಸಿರು ಬಾಗಿಲಿಗೆ ಬಿಳಿ ಬಳಿದು ರೇಸಿನ ಕಾರಿಗೇ ಉಳಿಸಿಕೊಂಡು, ಮಡಚಿಹೋಗಿದ್ದ ಬಿಳಿಯದನ್ನು ಮೇಸ್ತ್ರಿ ಬಡಿದು ನೇರ ಮಾಡಿ ಹಸಿರು ಕಾರಿಗೆ ಹಾಕಿಕೊಟ್ಟಿದ್ದ. ಅದು ಎಂದೂ ಸರಿಯಾಗಿ ಮುಚ್ಚಲಿಲ್ಲ. ಗಾಳಿಗೆ ಸಿಳ್ಳೆ ಹೊಡೆಯುತ್ತಿತ್ತು, ಒಳಗಿನಿಂದ ಹಗ್ಗ ಕಟ್ಟಬೇಕಿತ್ತು. ಬಣ್ಣ ಹೊಡೆಸೋಣ, ಮುಂದಿನ ವಾರ, ಈ ರೇಸು ಮುಗಿಯಲಿ, ಎಂದು ಎಷ್ಟು ಸಲ ಹೇಳಿದ. ಅವಳು ಹಾಗೇ ಓಡಿಸಿದಳು. ರೋಗಿಗಳ ಮನೆಯ ಮಕ್ಕಳು ಅವಳನ್ನು ಬಿಳಿಬಾಗಿಲ ನರ್ಸಮ್ಮ ಅನ್ನುತ್ತಿದ್ದರು. ಶಾಲೆಯಲ್ಲಿ ಮಗಳನ್ನು ‘ತೇಪೆ’ ಎಂದು ಕರೆಯುತ್ತಾರೆಂದು ಮಗಳೇ ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು, ಹೇಳಿ ಅಪ್ಪನ ಮುಖ ನೋಡಿದಳು. ಅವನು ಉಪ್ಪು ಕೇಳಿದ. ಕೊನೆಗೆ ಹಸಿರು ಕಾರನ್ನು ಮಾರಿದಾಗ ಬೇರೆ ಒಳ್ಳೆಯ ಕಾರು ತಂದ. ಅವಳು ನಾಲ್ಕು ದಿನ ಓಡಿಸಿ ಕೀಲಿಯನ್ನು ಮೊಳೆಗೆ ತೂಗುಹಾಕಿದಳು. ಮತ್ತೆ ಮುಟ್ಟಲಿಲ್ಲ. "ಮನೆಗೊಬ್ಬರು ಸಾಕು" ಎಂದು ಕೇಳಿದವರಿಗೆಲ್ಲ ನಗುತ್ತ ಹೇಳಿದಳು. ಅವನಿಗೆ ಮಾತ್ರ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ: ಆವತ್ತು ಬಾಗಿಲಿಲ್ಲದ ಕಾರಿನಲ್ಲಿ, ಮಗುವನ್ನು ಕಟ್ಟಿಕೊಂಡು, ಅಷ್ಟು ದೂರ ಒಬ್ಬಳೇ ಜೀವ ಕೈಯಲ್ಲಿ ಹಿಡಿದು ಹೋದಳಲ್ಲ, ಆ ಹೆದರಿಕೆ ಒಳಗೇ ಕೂತು ಕೊನೆಗೆ ಗೆದ್ದಿತು. ಅದನ್ನು ಕೇಳುವ ಧೈರ್ಯ ಅವನಿಗಾಗಲಿಲ್ಲ. ಅದರ ಬದಲು ಅವಳ ಲೈಸೆನ್ಸು ಮುಗಿಯಲು ಬಂದಾಗಲೆಲ್ಲ ಮರೆಯದೆ ನವೀಕರಿಸಿ ತಂದು ಅವಳ ಚೀಲದಲ್ಲಿಡುತ್ತಿದ್ದ, ಹರಕೆ ತೀರಿಸುವವನ ಹಾಗೆ.

"ಅದು ಏನಾಯ್ತು ಅಂದ್ರೆ" ಎಂದು ಶುರು ಮಾಡಿದ. "ಪಿಟ್ಟಿನಲ್ಲಿ ಒಂದು ಸಣ್ಣ..."

ಅಷ್ಟರಲ್ಲಿ ಹೆಂಡತಿ ಬಾಗಿಲಿನ ಬಳಿ ಹೋಗಿ ನಿಂತಿದ್ದಳು. ಚೀಲವನ್ನು ಹೆಗಲ ಹಿಂದಕ್ಕೆ ತಳ್ಳಿ, ಗಾಜಿನ ಹಿಡಿಕೆಯನ್ನು ತಿರುಗಿಸತೊಡಗಿದಳು. "ಅದು ಅರ್ಧಕ್ಕೆ ಕಚ್ಕೊಳ್ಳುತ್ತೆ ಆಂಟಿ, ನಮ್ಮವರೆಲ್ಲ ನೋಡಿ ಕೈಬಿಟ್ರು" ಎಂದಳು ಹುಡುಗಿ. ಗಾಜು ಅರ್ಧಕ್ಕೆ ಬಂದು ನಿಂತಿತು. ಅವಳ ಇನ್ನೊಂದು ಕೈ, ಅವಳೇನೂ ಯೋಚಿಸಿದ ಹಾಗೆ ಕಾಣಲಿಲ್ಲ, ಗಾಜಿನ ಅಂಚಿಗೆ ಹೋಗಿ ಅಂಗೈಯಿಂದ ಒಂದಿಷ್ಟು ಮೇಲಕ್ಕೆತ್ತಿ ಹಿಡಿಯಿತು. ಹಿಡಿಕೆ ತಿರುಗಿತು. ಗಾಜು ಸರ್ರನೆ ಮೇಲೇರಿ ಕೂತಿತು.

ಹುಡುಗಿ ಬಾಯಿ ಬಿಟ್ಟು ನೋಡಿದಳು. "ನಿಮಗೆ ಹೇಗೆ ಗೊತ್ತಾಯ್ತು?"

"ನನ್ನ ಬಾಗಿಲು ಕಣಮ್ಮ" ಅಂದಳು ಅವಳು. "ಇವರು ಬಿಚ್ಕೊಂಡು ಹೋಗಿದ್ದು. ನಾನು ಒಳಗೆ ಕೂತಿದ್ದೆ. ಪುಣ್ಯಕ್ಕೆ ಇಳಿಸಿ ಬಿಚ್ಚಿದ್ರು." ಬಂದವರೆದುರು ಹೇಳುವ ಧಾಟಿಯಲ್ಲೇ ಅವಳು ಪೂರ್ತಿ ಕತೆ ಹೇಳಿದಳು, ಅಧಿಕಾರಿಯ ಮಾತು, ಅವಸರದ ಹೆರಿಗೆ, ಎಲ್ಲವನ್ನೂ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಎಂದಿನಂತೆ ಪೆಚ್ಚುನಗೆ ನಕ್ಕ. ಈ ಕತೆ ಯಾವಾಗಲೂ ಇಲ್ಲಿಗೆ ಮುಗಿಯುತ್ತಿತ್ತು. ಮನೆಗೆ ಬಂದವರು ಚಹಾ ಲೋಟ ಕೆಳಗಿಟ್ಟು ಬೇರೆ ಮಾತಿಗೆ ಹೋಗುತ್ತಿದ್ದರು. ಈ ಹುಡುಗಿ ಕಣ್ಣೊರೆಸಿಕೊಂಡು ಕೇಳಿಬಿಟ್ಟಳು: "ಮತ್ತೆ ನೀವು ಮನೆಗೆ ಹೇಗೆ ಹೋದ್ರಿ ಆಂಟಿ?"

ಅವನ ಬಲಗಾಲು ಸಿಮೆಂಟು ನೆಲದ ಮೇಲೆ ಒತ್ತಿಕೊಂಡಿತು.

"ಹೇಗೆ ಅಂದ್ರೆ, ಓಡಿಸ್ಕೊಂಡೇ." ಅವಳು ಬಾಗಿಲಿನ ಅಂಚನ್ನು ಸವರುತ್ತ ಹೇಳಿದಳು. "ಮಗೂನ ಹಿಂದಿನ ಸೀಟಿಗೆ ಶಾಲಲ್ಲಿ ಬಿಗಿಯಾಗಿ ಕಟ್ಟಿದೆ. ಮೊದಮೊದಲು ಭಯ. ಪಕ್ಕದಲ್ಲಿ ನೋಡಿದ್ರೆ ರಸ್ತೆ ಹಾಗೇ ಓಡ್ತಿದೆ, ಕಲ್ಲು, ಹುಲ್ಲು, ಬಿದ್ದ ಎಲೆ, ಎಲ್ಲ ಕೈಗೆ ಸಿಗೋ ಹಾಗೆ. ಆಮೇಲೆ ಕಾಲುವೆ ಪಕ್ಕದ ರಸ್ತೆ ಬಂತು. ನೆಟ್ಟಗೆ, ಒಂದು ನರಪಿಳ್ಳೆ ಇಲ್ಲ. ಸ್ವಲ್ಪ ಜೋರಾಗಿ ಹೋಗಿ ನೋಡೋಣ ಅನ್ನಿಸ್ತು. ಹೋದೆ. ಹಿಂದಿನಿಂದ ಮಗಳು ಕಿಲಕಿಲ ನಗ್ತಾ ಇದಾಳೆ, ಇನ್ನೂ ಜೋರು, ಅಮ್ಮ ಇನ್ನೂ ಜೋರು, ಅಂತ. ನಮ್ಮ ತಿರುವು ಬಂತು, ತಿರುಗಲಿಲ್ಲ. ಕಾಲುವೆ ಮುಗಿಯೋವರೆಗೂ ಹೋದೆ. ವಾಪಸ್ ಬಂದೆ. ಮನಸ್ಸು ತಡೀಲಿಲ್ಲ, ಇನ್ನೊಂದು ಸಲ ಹೋದೆ." ಅವಳು ಸಣ್ಣಗೆ ನಕ್ಕಳು. "ಡ್ಯೂಟಿ ಮನೆಗೆ ಹೋದಾಗ ತಲೆ ಗುಬ್ಬಚ್ಚಿ ಗೂಡಾಗಿತ್ತು. ಅಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿ ನನ್ನ ನೋಡಿ, ನಿನಗೇ ಜ್ವರ ಬಂದಿದೆಯೇನೇ, ಮುಖ ಹೀಗೆ ಕೆಂಪಾಗಿದೆ ಅಂದ್ರು. ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಾಗಿ ನಾನು ಗಾಡಿ ಓಡಿಸಿಲ್ಲಮ್ಮ."

ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಆ ದಾರಿ, ಅವನು ಮನಸ್ಸಿನಲ್ಲೇ ಕಟ್ಟಿದ್ದ ಆ ಅಳುವ ಮಗು, ಆ ಬಿಗಿಹಿಡಿದ ತುಟಿ, ಯಾವುದೂ ನಡೆದೇ ಇರಲಿಲ್ಲ. ಹಗುರಾಗಬೇಕಿತ್ತು. ಅದರ ಬದಲು ಮೊದಲು ಬಂದದ್ದು ಹೊಟ್ಟೆಕಿಚ್ಚು, ಅದೂ ಸಣ್ಣ ಮಕ್ಕಳಿಗೆ ಬರುವಂಥದ್ದು. ತಾನು ಕನ್ನಡಿ ನೋಡಿಕೊಂಡು ದೊಡ್ಡ ಗಾಡಿಗಳಿಗೆ ದಾರಿ ಬಿಡುತ್ತಿದ್ದ ಹೊತ್ತಿಗೆ ಇವಳು ಯಾರಿಗೂ ದಾರಿ ಬಿಡದೆ ಓಡಿದ್ದಳು. ತಾನು ಅಲ್ಲಿರಲಿಲ್ಲ. "ನನಗೆ ಹೇಳಲೇ ಇಲ್ಲ ನೀನು" ಅಂದ. ಧ್ವನಿ ತನಗೇ ದೂರಿನ ಹಾಗೆ ಕೇಳಿಸಿತು.

"ನೀವು ಕೇಳಲೇ ಇಲ್ವಲ್ಲ. ಬಂದವರೇ ಮೂರನೇ ಸ್ಥಾನದ ಮಾತು ಶುರು ಮಾಡಿದ್ರಿ. ಅದು ಮುಗಿದಿದ್ರೆ ತಾನೇ ನಾನು ಹೇಳೋದು."

ಹುಡುಗಿ ಪೆನ್ಸಿಲು ತೆಗೆದು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿದಳು. "ಈಗ ಬಾಗಿಲಿಗೆ ಏನು ಮಾಡ್ಲಿ ಸರ್?"

ಅವನು ಗೋಡೆಯ ಫೋಟೋದ ಕಡೆ ನೋಡಿದ. ಆವತ್ತು ಕ್ಯಾಮೆರಾದವನು ಡ್ರೈವರ್ ಬಾಗಿಲಿನ ಕಡೆಗೇ ಮೊದಲು ಬಂದಿದ್ದ. ಈ ಕಡೆ ಬನ್ನಿ, ಈ ಕಡೆ ಚೆನ್ನಾಗಿ ಬರುತ್ತೆ ಎಂದು ಭುಜ ಹಿಡಿದು ಸುತ್ತಿಸಿ ಕರೆದುಕೊಂಡು ಹೋದವನು ತಾನೇ. "ಹಸಿರೇ ಬಳೀರಿ" ಅಂದ. "ಗೆರೆ ದಾಟಿದ್ದು ಈ ಬಾಗಿಲು. ಫೋಟೋದವನನ್ನ ಆ ಕಡೆಗೆ ಎಳ್ಕೊಂಡು ಹೋದವನು ನಾನು. ನಿಮ್ಮ ಯಜಮಾನರು ಒಪ್ಪದಿದ್ರೆ ನನಗೆ ಫೋನ್ ಕೊಡಿ, ನಾನೇ ಹೇಳ್ತೀನಿ."

"ನೋಡಿದವರೆಲ್ಲ ಕೇಳ್ತಾರೆ ಸರ್, ಒಂದು ಬಾಗಿಲು ಯಾಕೆ ಹಸಿರು ಅಂತ."

"ಕೇಳ್ಲಿ" ಅಂದಳು ಹೆಂಡತಿ. ಹೊರಡುವ ಮುಂಚೆ ಅವಳು ಬಾಗಿಲ ಜೇಬಿಗೆ ಕೈ ಹಾಕಿ ಒಮ್ಮೆ ತಡಕಿದಳು. ಏನೂ ಇರಲಿಲ್ಲ. ಕೈಗೆ ಮೆತ್ತಿದ ಧೂಳನ್ನು ಕೊಡವಿಕೊಂಡಳು.

ಹೊರಗೆ ಬಿಸಿಲು ಇಳಿಮುಖವಾಗಿತ್ತು. ಅವರ ಕಾರು ತಲೆಯ ಮೇಲೆ ಬೋರ್ಡು ಹೊತ್ತು ಗೋಡೆಯ ನೆರಳಿನಲ್ಲಿ ನಿಂತಿತ್ತು. ಕೀಲಿ ಕೈಯಲ್ಲಿ ಹಿಡಿದುಕೊಂಡು ಅವನು ಬಾಗಿಲು ತೆಗೆಯದೆ ನಿಂತ. "ಮತ್ತೆ ಯಾಕೆ ಬಿಟ್ಟೆ?" ಎಂದು ಕೇಳಿದ. "ಓಡಿಸೋದು. ಅಷ್ಟು ಖುಷಿ ಇದ್ದವಳು."

ಅವಳು ಅವನ ಮುಖ ನೋಡಲಿಲ್ಲ. ಅವನ ಬೂಟುಗಳನ್ನು ನೋಡಿದಳು. "ನಿಮ್ಮ ಕಾಲು" ಅಂದಳು.

"ನನ್ನ ಕಾಲು?"

"ರೇಸು ಬಿಟ್ಟ ಮೇಲೆ ಪಕ್ಕದಲ್ಲಿ ಕೂರೋಕೆ ಶುರು ಮಾಡಿದ್ರಿ. ಬಾಯಲ್ಲಿ ಒಂದು ಮಾತಿಲ್ಲ, ಅದಕ್ಕೆ ನಾನು ಸುಳ್ಳು ಹೇಳಲ್ಲ. ಆದ್ರೆ ಪ್ರತಿ ತಿರುವಲ್ಲೂ ನಿಮ್ಮ ಕಾಲು ಮ್ಯಾಟಿನ ಮೇಲೆ ಹೀಗೆ ಒತ್ತೋದು. ಅಲ್ಲಿ ಬ್ರೇಕೂ ಇಲ್ಲ, ಮಣ್ಣೂ ಇಲ್ಲ. ಹಳೇ ಕಾರಲ್ಲಿ ಬಾಗಿಲು ಸಿಳ್ಳೆ ಹೊಡೀತಿತ್ತು, ಅದರ ಗಲಾಟೇಲಿ ನಂಗೆ ಗೊತ್ತಾಗ್ತಿರ್ಲಿಲ್ಲ. ಹೊಸ ಕಾರು ತಂದ್ರಿ. ಒಳಗೆ ನಿಶ್ಶಬ್ದ. ನಿಮ್ಮ ಬೂಟಿನ ಸದ್ದು ಒಂದೇ." ಅವಳು ಚೀಲದ ಪಟ್ಟಿಯನ್ನು ಸರಿ ಮಾಡಿಕೊಂಡಳು. "ಆಮೇಲೆ ಅದೇ ಕಾಲಿಗೆ ನಿಜವಾದ ಬ್ರೇಕು ಹಾಕಿಸ್ಕೊಂಡು ಸಂಬಳಕ್ಕೇ ಕೂತ್ರಿ."

ಅವನಿಗೆ ನಗು ಬಂತು. ಬಾಗಿಲಿನ ತಪ್ಪನ್ನು ಅಷ್ಟು ವರ್ಷ ನೀರೆರೆದು ಸಾಕಿಕೊಂಡಿದ್ದ. ದಿನವೂ ಮಾಡುತ್ತಿದ್ದ ತಪ್ಪು ಬೂಟಿನೊಳಗೇ ಇತ್ತು, ಅದನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಕೀಲಿಯನ್ನು ಅವಳ ಕಡೆ ಚಾಚಿದ.

ಅವಳು ತೆಗೆದುಕೊಳ್ಳಲಿಲ್ಲ. "ಮೊದಲು ಆ ಬೋರ್ಡು ಇಳಿಸಿ" ಅಂದಳು.

ಅವನು ಕಾಲ್ಬೆರಳ ಮೇಲೆ ನಿಂತು ಎರಡೂ ಕಡೆಯ ಕೊಕ್ಕೆ ಬಿಚ್ಚಿ, ‘ಕಲಿಯುವವರು’ ಬೋರ್ಡನ್ನು ಇಳಿಸಿ ಹಿಂದಿನ ಸೀಟಿನಲ್ಲಿ ಕವುಚಿ ಹಾಕಿದ. ಅವಳು ಸೀಟು ಮುಂದೆ ಎಳೆದುಕೊಂಡಳು, ಕನ್ನಡಿ ತಿರುಗಿಸಿಕೊಂಡಳು, ಗೇರನ್ನು ಒಂದೆರಡು ಸಲ ಆಡಿಸಿ ನೋಡಿದಳು. ಚೀಲ ತೆರೆದು ಲೈಸೆನ್ಸು ಇದೆಯೇ ಎಂದು ನೋಡಿಕೊಂಡಳು. ಇತ್ತು. ಕಾರು ಒಂದು ಸಲ ಜಿಗಿದು ಆಫಾಯಿತು. ಅವನು ಉಸಿರು ಬಿಗಿಹಿಡಿದು ಎದುರಿನ ಗೋಡೆಯನ್ನೇ ನೋಡಿದ. ಎರಡನೆಯ ಸಲ ಸಲೀಸಾಗಿ ಹೊರಟಿತು. ಗೇಟು ದಾಟಿ, ಗೋದಾಮುಗಳ ಸಾಲು ದಾಟಿ ದೊಡ್ಡ ರಸ್ತೆಗೆ ಬಂದರು. ಮುಂದೆ ವೃತ್ತ, ಎದುರಿನಿಂದ ಒಂದು ಲಾರಿ. ಅವನ ಬಲಗಾಲು ತಾನಾಗಿಯೇ ಮುಂದೆ ಸರಿಯಿತು. ಅವಳ ಕಣ್ಣು ಒಂದು ಕ್ಷಣ ಕೆಳಗಿಳಿದು ಮೇಲೆ ಹೋದದ್ದನ್ನು ಅವನು ಕಂಡ. ಬಗ್ಗಿ ಬೂಟುಗಳ ದಾರ ಬಿಚ್ಚಿದ. ಎರಡನ್ನೂ ಕಳಚಿ, ಎರಡೂ ಕಾಲು ಸೀಟಿನ ಮೇಲೆ ಎತ್ತಿಕೊಂಡು, ಮೊಣಕಾಲು ನೋಯುತ್ತಿದ್ದರೂ ಊಟಕ್ಕೆ ಕೂತವನ ಹಾಗೆ ಚಕ್ಕಳಮಕ್ಕಳ ಹಾಕಿ ಕೂತ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡ. ಅವಳು ವೃತ್ತವನ್ನು ಬಳಸಿ ಬಂದಳು. ಲಾರಿ ತನ್ನ ಪಾಡಿಗೆ ಹೋಯಿತು. ಅವಳು ತನ್ನ ಕಡೆಯ ಗಾಜನ್ನು ಪೂರ್ತಿ ಇಳಿಸಿದಳು, ಗಾಳಿಗೆ ಅವಳ ನರೆಗೂದಲು ಒಂದೊಂದಾಗಿ ಪಿನ್ನು ಬಿಟ್ಟು ಎದ್ದಿತು. ಮನೆಗೆ ತಿರುಗಬೇಕಾದ ಜಾಗ ಬಂತು, ದೀಪದ ಕಂಬ, ಮೂಲೆಯ ಔಷಧಿ ಅಂಗಡಿ. ಅವಳು ತಿರುಗಲಿಲ್ಲ. ತಪ್ಪಿತು ಎಂದು ಹೇಳಲು ಬಾಯಿ ತೆರೆದ ಅವನು ಹಾಗೇ ಮುಚ್ಚಿಕೊಂಡು, ಕಾಲನ್ನು ಇನ್ನಷ್ಟು ಒಳಗೆ ಎಳೆದುಕೊಂಡು ಕೂತ.